ಡಿಎಲ್ ಕೊಡುವುದು ಸರ್ಕಾರ, ರಸ್ತೆ ಯಾರದು?

ಟ್ರಾಫಿಕ್ ಪೊಲೀಸರು ಡಿಎಲ್ ವಶಕ್ಕೆ ತೆಗೆದುಕೊಂಡರೆ ಕೈಗೊಂದು ಚೀಟಿ ಕೊಡಬೇಕು. ತಾತ್ಕಾಲಿಕ ಸ್ವೀಕೃತಿ. ಚೀಟಿ ಚೀಟಿಯೇ ಅಂದುಕೊಂಡು ಜೇಬಿಗೆ ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡುವವರೇ ಹೆಚ್ಚು. ಆದರೆ ಮೋಟಾರು ವಾಹನ ಕಾಯ್ದೆಯ 206ನೇ ಕಲಂ ಬಿಡಿಸಿ ಓದಿದರೆ ಈ ಚೀಟಿಯಲ್ಲಿ ಎರಡು ಜಾತಿ ಇರುವುದು ಗೊತ್ತಾಗುತ್ತದೆ. ಆರೋಪಿ ಚಾಲಕ ಸಮನ್ಸ್‌ಗೆ ಸಿಗದೆ ಹೋದಾನು ಎಂಬಂಥ ಕಾರಣಕ್ಕೆ ಡಿಎಲ್ ಹಿಡಿದಿಟ್ಟರೆ, 206(3)ರ ಪ್ರಕಾರ ಆ ಚೀಟಿಯೇ ಡಿಎಲ್ ಇದ್ದಹಾಗೆ. ಮೂಲ ಡಿಎಲ್ ವಾಪಸ್ ಬರುವವರೆಗೆ ಅಥವಾ ಚೀಟಿಯಲ್ಲಿ ಬರೆದ ದಿನಾಂಕದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಗಾಡಿ ಓಡಿಸಬಹುದು. ಕುಡಿದು ಓಡಿಸಿದ್ದು, ಅತಿವೇಗ, ರೇಸಿಂಗ್, ಹೆಲ್ಮೆಟ್ ಇಲ್ಲದ್ದು ಇಂಥ ಆರೋಪದ ಮೇಲೆ 206(4)ರಡಿ ಹಿಡಿದರೆ ಮಾತೇ ಬೇರೆ. ಆಗಲೂ ಚೀಟಿ ಕೊಡುತ್ತಾರೆ, ಆದರೆ ಅದು ಗಾಡಿ ಓಡಿಸುವ ಅಧಿಕಾರ ಕೊಡುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ.

ಈ ಎರಡನೇ ಚೀಟಿ ಕೈಗೆ ಬಂದ ಹೊತ್ತಿನಲ್ಲಿ ಯಾವ ನ್ಯಾಯಾಲಯವೂ ನಿಮ್ಮನ್ನು ತಪ್ಪಿತಸ್ಥ ಎಂದಿರುವುದಿಲ್ಲ, ಆರ್‌ಟಿಒ ನಿಮ್ಮ ಮಾತು ಕೇಳಿರುವುದಿಲ್ಲ. ಆದರೂ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಗಾಡಿ ಓಡಿಸುವುದು ನಮ್ಮ ಹಕ್ಕೋ, ಸರ್ಕಾರ ಮನಸ್ಸು ಮಾಡಿ ಕೊಟ್ಟ ಸವಲತ್ತೋ ಎಂಬ ಪ್ರಶ್ನೆ ಪುಸ್ತಕದಿಂದ ರಸ್ತೆಗೆ ಇಳಿಯುವುದು ಇಲ್ಲಿ.

ಇಂಗ್ಲಿಷಿನಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ಡ್ರೈವಿಂಗ್ ಹಕ್ಕಲ್ಲ, ಪ್ರಿವಿಲೇಜ್. ಕನ್ನಡಕ್ಕೆ ತರಲು ಹೋದರೆ ಈ ವಾಕ್ಯ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಸವಲತ್ತು ಅಂದರೆ ವಿದ್ಯಾರ್ಥಿಗಳ ಬಸ್ ಪಾಸ್ ನೆನಪಾಗುತ್ತದೆ. ಶಾಸಕರ ಪ್ರಿವಿಲೇಜ್‌ಗೆ ಧಕ್ಕೆಯಾದರೆ ಸದನದಲ್ಲಿ ಮಂಡನೆಯಾಗುವುದು ‘ಹಕ್ಕುಚ್ಯುತಿ’. ಅಂದರೆ ಇಂಗ್ಲಿಷ್ ಎದುರುಬದುರು ನಿಲ್ಲಿಸುವ ಎರಡು ಪದಗಳನ್ನು ಕನ್ನಡ ಆಗಲೇ ಒಂದು ಮಾಡಿಬಿಟ್ಟಿದೆ. ಭಾಷೆಯ ಈ ಗೊಂದಲ ತಮಾಷೆಯಾಗಿ ಕಂಡರೂ ಕಾನೂನು ನಿಂತಿರುವುದು ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಭಾರತದ ಕಾನೂನನ್ನು ಒಟ್ಟಾಗಿ ಓದಿದರೆ ಸಿಗುವ ಉತ್ತರ ಇಷ್ಟು: ರಸ್ತೆಯ ಬಳಕೆ ಹಕ್ಕು. ಅದರ ಮೇಲೆ ಯಂತ್ರ ಓಡಿಸುವುದು ಷರತ್ತಿನ ಹಕ್ಕು. ಷರತ್ತು ಎಷ್ಟೇ ಬಿಗಿಯಾಗಿರಲಿ, ಅದನ್ನು ಪೂರೈಸಿದವನಿಗೆ ಇಲ್ಲ ಎನ್ನುವ ಸ್ವಾತಂತ್ರ್ಯ ಸರ್ಕಾರಕ್ಕಿಲ್ಲ.

ರಸ್ತೆಗೆ ಸರ್ಕಾರ ಮಾಲೀಕನಲ್ಲ

ಇದನ್ನು ಸ್ಪಷ್ಟವಾಗಿ ಹೇಳಿದ್ದು 1954ರಲ್ಲಿ ಸುಪ್ರೀಂ ಕೋರ್ಟ್, ಸಗೀರ್ ಅಹ್ಮದ್ ವಿರುದ್ಧ ಉತ್ತರ ಪ್ರದೇಶ ಸರ್ಕಾರ ಪ್ರಕರಣದಲ್ಲಿ. ಬುಲಂದ್‌ಶಹರ್–ದೆಹಲಿ ಮಾರ್ಗದಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದವರನ್ನು ಬದಿಗೆ ಸರಿಸಿ ಸರ್ಕಾರಿ ಬಸ್ಸಿಗೇ ಏಕಸ್ವಾಮ್ಯ ಕೊಡುವ 1951ರ ರಾಜ್ಯ ಕಾಯ್ದೆ ಅಲ್ಲಿ ಪರೀಕ್ಷೆಗೆ ಬಂದಿತ್ತು. ಹೆದ್ದಾರಿ ಸರ್ಕಾರದ ಸ್ವತ್ತು, ಹಾಗಾಗಿ ಅದರ ಮೇಲೆ ಬಸ್ಸು ಓಡಿಸುವ ಹಕ್ಕು ಯಾರಿಗೂ ಹುಟ್ಟಿನಿಂದ ಬಂದದ್ದಲ್ಲ ಎಂಬುದು ಸರ್ಕಾರದ ವಾದ. ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ ಬರೆದ ತೀರ್ಪು ಅದನ್ನು ಒಪ್ಪಲಿಲ್ಲ. ರಸ್ತೆ ಸರ್ಕಾರದ ವಶದಲ್ಲಿದ್ದರೂ ಸರ್ಕಾರ ಸಾರ್ವಜನಿಕರ ಪರವಾಗಿ ಅದನ್ನು ನೋಡಿಕೊಳ್ಳುವ ಧರ್ಮದರ್ಶಿ ಮಾತ್ರ; ರಸ್ತೆ ಬಳಸುವ ಜನರ ಹಕ್ಕು ಯಾವುದೋ ಕಾಯ್ದೆ ಹುಟ್ಟಿಸಿದ್ದಲ್ಲ, ಕಾಯ್ದೆಗೂ ಮೊದಲಿನದು; ಮಿಕ್ಕವರ ಅಂಥದೇ ಹಕ್ಕಿಗೆ ಅಡ್ಡಿಯಾಗದಂತೆ ನಿಯಂತ್ರಿಸುವುದಷ್ಟೇ ಸರ್ಕಾರದ ಕೆಲಸ. ಸಂವಿಧಾನದ 19(6)ನೇ ವಿಧಿಗೆ ಬಂದ ತಿದ್ದುಪಡಿಯ ಬಲದಿಂದ ಮುಂದೆ ಸರ್ಕಾರಿ ಸಾರಿಗೆಯ ಏಕಸ್ವಾಮ್ಯಕ್ಕೆ ದಾರಿಯಾಯಿತು, ಅದು ಬೇರೆ ಕಥೆ. ರಸ್ತೆ ಯಾರದು ಎಂಬ ಮಾತು ಮಾತ್ರ ಹಾಗೇ ಉಳಿದಿದೆ.

ಇದನ್ನು ಓದಿದ ಕೆಲವರು ನೇರವಾಗಿ 19(1)(ಡಿ) ವಿಧಿಗೆ ಜಿಗಿಯುತ್ತಾರೆ: ದೇಶದೆಲ್ಲೆಡೆ ಮುಕ್ತವಾಗಿ ಸಂಚರಿಸುವ ಹಕ್ಕಿದೆ, ಹಾಗಾದರೆ ಡಿಎಲ್ ಯಾಕೆ, ಹೆಲ್ಮೆಟ್ ಯಾಕೆ? ಸಂಚರಿಸುವ ಹಕ್ಕು ಮನುಷ್ಯನದು, ಮೋಟಾರಿನದಲ್ಲ. ನಡೆದು ಹೋಗಬಹುದು, ಸೈಕಲ್ ತುಳಿಯಬಹುದು, ಬಸ್ಸು ರೈಲು ಹತ್ತಬಹುದು. ಡಿಎಲ್ ಇಲ್ಲ ಎಂದರೆ ಊರು ಬಿಟ್ಟು ಹೋಗಬಾರದು ಎಂದಲ್ಲ. ಜೊತೆಗೆ 19(5) ಸಾರ್ವಜನಿಕ ಹಿತಕ್ಕಾಗಿ ನ್ಯಾಯಸಮ್ಮತ ನಿರ್ಬಂಧಕ್ಕೆ ಜಾಗ ಬಿಟ್ಟಿದೆ. ಹೆಲ್ಮೆಟ್ ಕಡ್ಡಾಯ ಮಾಡಿದ ನಿಯಮ ಈ ಹಕ್ಕನ್ನು ಕಸಿಯುತ್ತದೆ ಎಂಬ ತಕರಾರು 1988ರಲ್ಲಿ ಅಜಯ್ ಕಾನು ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಹೋಗಿ ಸೋತು ಬಂತು.

ರಸ್ತೆಯ ಮೇಲಿನ ಹಕ್ಕಿನ ಸಾಲಿನಲ್ಲಿ ಮೊದಲು ನಿಲ್ಲುವವನು ಕಾಲ್ನಡಿಗೆಯವನು. ಅಡ್ಡಿಯಿಲ್ಲದ ಫುಟ್‌ಪಾತ್ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅವನಿಗೆ ಪರವಾನಗಿ ಬೇಡ, ನೋಂದಣಿ ಬೇಡ, ವಿಮೆ ಬೇಡ. ಫುಟ್‌ಪಾತ್ ಮೇಲೆ ಬೈಕ್ ಹತ್ತಿಸುವವನು ಹಕ್ಕಿನ ಮಾತಾಡಿದರೆ ಅವನು ತುಳಿಯುತ್ತಿರುವುದು ತನ್ನದಕ್ಕಿಂತ ಹಳೆಯ, ಗಟ್ಟಿಯಾದ ಹಕ್ಕನ್ನು.

ಗೆರೆ ಎಳೆದಿರುವುದು ಜೂಲ್ ಲೆಕ್ಕದಲ್ಲಿ

ನಡೆಯುವವನಿಗೆ ಬೇಡದ ಪರವಾನಗಿ ಓಡಿಸುವವನಿಗೆ ಯಾಕೆ? ಇದಕ್ಕೆ ಉತ್ತರ ಸಂವಿಧಾನಕ್ಕಿಂತ ಹೈಸ್ಕೂಲ್ ಭೌತಶಾಸ್ತ್ರದಲ್ಲಿ ಚೆನ್ನಾಗಿ ಸಿಗುತ್ತದೆ. ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆಯುವ 70 ಕೆ.ಜಿ. ಮನುಷ್ಯನ ಚಲನಶಕ್ತಿ ಸುಮಾರು 67 ಜೂಲ್. ಸೈಕಲ್ ಸೇರಿ 85 ಕೆ.ಜಿ., 18 ಕಿ.ಮೀ. ವೇಗ ಎಂದರೆ ಸಾವಿರದ ಆಸುಪಾಸು. ಸವಾರ ಸೇರಿ 180 ಕೆ.ಜಿ. ತೂಗುವ ಸ್ಕೂಟರ್ 50ರಲ್ಲಿ ಹೋದರೆ 17 ಸಾವಿರ. 1,200 ಕೆ.ಜಿ. ಕಾರು 60ರಲ್ಲಿ ಹೋದರೆ 1 ಲಕ್ಷ 67 ಸಾವಿರ. ನಡೆಯುವವನ ಸುಮಾರು ಎರಡೂವರೆ ಸಾವಿರ ಪಟ್ಟು. ಇಷ್ಟನ್ನು ಪರರ ಮೈಮೇಲೆ ಇಳಿಸದೆ ನಿಲ್ಲಿಸಬಲ್ಲೆ ಎಂದು ಒಮ್ಮೆ ತೋರಿಸು ಅನ್ನುವುದೇ ಲೈಸೆನ್ಸ್.

ನಿಲ್ಲಿಸುವುದು ಅನ್ನುವಾಗಲೂ ಲೆಕ್ಕ ಮೋಸ ಮಾಡುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕು, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಎಂದಿಟ್ಟುಕೊಳ್ಳಿ. 40ರ ವೇಗದ ಕಾರು 20 ಮೀಟರ್‌ನಲ್ಲಿ ನಿಲ್ಲುತ್ತದೆ. 60ರ ಕಾರಿಗೆ 36 ಮೀಟರ್ ಬೇಕು. ಇದಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದು: ಮೊದಲ ಕಾರು ಪೂರ್ತಿ ನಿಂತ ಆ 20ನೇ ಮೀಟರ್‌ನಲ್ಲಿ ಎರಡನೇ ಕಾರು ಇನ್ನೂ 55ರ ವೇಗದಲ್ಲಿರುತ್ತದೆ, ಬ್ರೇಕು ಆಗಷ್ಟೇ ಹಿಡಿಯಲು ಶುರುವಾಗಿರುತ್ತದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಅದರಲ್ಲಿ ಶೇ 44ರಷ್ಟು ದ್ವಿಚಕ್ರ ವಾಹನದವರು, ಶೇ 19ಕ್ಕೂ ಹೆಚ್ಚು ಪಾದಚಾರಿಗಳು.

ಕಾಯ್ದೆ ಗೆರೆ ಎಳೆದಿರುವುದೂ ಈ ಅಪಾಯದ ಅಳತೆಯಲ್ಲೇ. ನಾಲ್ಕಕ್ಕಿಂತ ಕಡಿಮೆ ಚಕ್ರದ, 25 ಸಿಸಿ ಮೀರದ ಎಂಜಿನ್ನಿನ ಗಾಡಿಯನ್ನು ಅದು ‘ಮೋಟಾರು ವಾಹನ’ ಎಂದೇ ಎಣಿಸುವುದಿಲ್ಲ. ಬ್ಯಾಟರಿ ಗಾಡಿಗಳಲ್ಲಿ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ, ಗರಿಷ್ಠ ವೇಗ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಡಿಎಲ್ ಬೇಡ. ಇಲ್ಲಿ ಆಗುವ ಎಡವಟ್ಟು ಏನೆಂದರೆ, ‘ಲೈಸೆನ್ಸ್ ಬೇಡ’ ಎಂದು ಮಾರಿದ ಗಾಡಿಯ ಸ್ಪೀಡ್ ಲಾಕ್ ತೆಗೆಸಿ 40–45ರಲ್ಲಿ ಓಡಿಸುವುದು. ಲಾಕ್ ತೆಗೆದ ಕ್ಷಣ ಅದು ಮೋಟಾರು ವಾಹನ. ಡಿಎಲ್, ನೋಂದಣಿ, ವಿಮೆ ಮೂರೂ ಇಲ್ಲದ ಮೋಟಾರು ವಾಹನ.

3ನೇ ಕಲಂ ಡಿಎಲ್ ಕೇಳುವುದು ‘ಸಾರ್ವಜನಿಕ ಸ್ಥಳ’ದಲ್ಲಿ ಓಡಿಸಲು. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವ ಜಾಗವೂ ಇದರೊಳಗೆ ಬರುತ್ತದೆ, ಡಾಂಬರು ಹಾಕಿದ ರಸ್ತೆಯೇ ಆಗಬೇಕಿಲ್ಲ. ಬೇಲಿ ಹಾಕಿದ ಸ್ವಂತ ಹೊಲದಲ್ಲಿ ಟ್ರ್ಯಾಕ್ಟರ್ ತಿರುಗಿಸುವುದು ಬೇರೆ, ಅದೇ ಟ್ರ್ಯಾಕ್ಟರ್ ಗದ್ದೆ ದಾಟಿ ಊರ ದಾರಿಗೆ ಬರುವುದು ಬೇರೆ.

ಪರವಾನಗಿ ಅನ್ನುವುದು ಶುರುವಿನಿಂದಲೂ ಸಾಮರ್ಥ್ಯದ ಪ್ರಮಾಣಪತ್ರವಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಬ್ರಿಟನ್ನಿನ 1903ರ ಮೋಟಾರ್ ಕಾರ್ ಕಾಯ್ದೆಯಡಿ ಐದು ಶಿಲ್ಲಿಂಗ್ ಕಟ್ಟಿದರೆ ಲೈಸೆನ್ಸ್ ಸಿಗುತ್ತಿತ್ತು, ಪರೀಕ್ಷೆ ಇರಲಿಲ್ಲ. ಓಡಿಸುವವನು ಯಾರು ಎಂದು ಗುರುತು ಹಿಡಿಯಲಿಕ್ಕಷ್ಟೇ ಅದು. ಡ್ರೈವಿಂಗ್ ಟೆಸ್ಟ್ ಅಲ್ಲಿ ಕಡ್ಡಾಯವಾದದ್ದು 1935ರಲ್ಲಿ. ಟೆಸ್ಟ್ ಹೆಸರಿಗಷ್ಟೇ ನಡೆಯುವ ಕಡೆಗಳಲ್ಲಿ ನಾವು ಇನ್ನೂ 1903ರಲ್ಲೇ ಇದ್ದೇವೆ ಅನ್ನಬಹುದು.

ಪಾಸಾದರೆ ಕೊಡಲೇಬೇಕು

ಸವಲತ್ತಿನ ವಾದ ಮುರಿದು ಬೀಳುವುದು 9ನೇ ಕಲಂನಲ್ಲಿ. ಅರ್ಜಿದಾರ ನಿಗದಿತ ಪರೀಕ್ಷೆಯಲ್ಲಿ ಪಾಸಾದರೆ ಅವನಿಗೆ ಲೈಸೆನ್ಸ್ ನೀಡತಕ್ಕದ್ದು ಎನ್ನುತ್ತದೆ ಅದು. ‘ನೀಡಬಹುದು’ ಅಲ್ಲ. ಆರ್‌ಟಿಒ ಅಧಿಕಾರಿಗೆ ಪರೀಕ್ಷಿಸುವ ಅಧಿಕಾರವಿದೆ, ದಯಪಾಲಿಸುವ ಅಧಿಕಾರವಿಲ್ಲ. ರೂಢಿಗತ ಅಪರಾಧಿ, ರೂಢಿಗತ ಕುಡುಕ, ಮಾದಕ ವ್ಯಸನಿ, ಹಿಂದೆ ಲೈಸೆನ್ಸ್ ರದ್ದಾದವನು ಎಂಬ ಕಾರಣಕ್ಕೆ ನಿರಾಕರಿಸಬಹುದು. ಆಗಲೂ ಕಾರಣ ಬರೆದು ಕೊಡಬೇಕು, 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ.

ಷರತ್ತುಗಳ ಪಟ್ಟಿ ಉದ್ದವೇ. ಕಲಿಕಾ ಲೈಸೆನ್ಸ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, ಅದು ಸಿಕ್ಕಿ 30 ದಿನ ಕಳೆಯುವ ಮೊದಲು ಟೆಸ್ಟಿಗೆ ಹೋಗುವಂತಿಲ್ಲ. ಕಲಿಯುವಾಗ ಡಿಎಲ್ ಇರುವವರೊಬ್ಬರು ಗಾಡಿಯನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಸಾಧ್ಯವಾಗುವ ಜಾಗದಲ್ಲಿ ಕೂತಿರಬೇಕು. ಹಿಂದಿನ ಸೀಟಿನಲ್ಲಿ ಕೂತು ‘ಬ್ರೇಕ್ ಹಾಕು’ ಎಂದು ಕೂಗುವ ಮಾವ ಈ ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಹಿಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು ‘ಎಲ್’ ಇರಬೇಕು: ಫಲಕ 18 ಸೆಂ.ಮೀ. ಚೌಕಕ್ಕಿಂತ, ಅಕ್ಷರ 10 ಸೆಂ.ಮೀ. ಎತ್ತರಕ್ಕಿಂತ ಕಡಿಮೆಯಾಗಬಾರದು. ಟೆಸ್ಟ್ ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಬರಬಹುದು. ಮೂರು ಸಲ ಫೇಲಾದರೆ ಕೊನೆಯ ಟೆಸ್ಟಿನಿಂದ 60 ದಿನ ಕಾಯಬೇಕು, 2019ರ ತಿದ್ದುಪಡಿಯ ಪ್ರಕಾರ ಡ್ರೈವಿಂಗ್ ಶಾಲೆಯಲ್ಲಿ ತಪ್ಪು ತಿದ್ದುವ ತರಬೇತಿಯನ್ನೂ ಮುಗಿಸಿರಬೇಕು.

ವಯಸ್ಸಿನ ಷರತ್ತಿನಲ್ಲಿ ಕಾಯ್ದೆ ಮತ್ತು ಬೀದಿ ಪರಸ್ಪರ ಮಾತು ಬಿಟ್ಟಿವೆ. 18 ಸಾಮಾನ್ಯ ಮಿತಿ, ಸಾರಿಗೆ ವಾಹನಕ್ಕೆ 20. 16 ತುಂಬಿದವರು 50 ಸಿಸಿ ಮೀರದ ದ್ವಿಚಕ್ರ ಓಡಿಸಬಹುದು, ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ. ಪಿಯು ಕಾಲೇಜಿನ ಗೇಟಿನ ಹೊರಗೆ ನಿಂತಿರುವ ಸ್ಕೂಟರ್‌ಗಳು 110, 125 ಸಿಸಿಯವು. ಅಂದರೆ 16–18ರ ವಯಸ್ಸಿನವರಿಗೆ ಕಾಗದದಲ್ಲಿರುವ ಅವಕಾಶಕ್ಕೆ ಹೊಂದುವ ಪೆಟ್ರೋಲ್ ಗಾಡಿ ರಸ್ತೆಯಲ್ಲಿ ಕಾಣುವುದೇ ಅಪರೂಪ. ತಪ್ಪಿದಾಗ 199ಎ ಕಲಂ ಹೊಡೆಯುವುದು ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು: ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಸವಲತ್ತು ಎಂದು ಹೇಳಿ ಕಸಿದುಕೊಳ್ಳುವ ಶಿಕ್ಷೆಗಳಲ್ಲಿ ಇದರಷ್ಟು ಉದ್ದದ್ದು ಕಾಯ್ದೆಯಲ್ಲಿ ಕಡಿಮೆ. ಮದುವೆ, ಕೆಲಸ, ಊರು ಬದಲಾವಣೆ ಎಲ್ಲವೂ ಆ ಎಂಟೊಂಬತ್ತು ವರ್ಷದೊಳಗೇ ಬರುತ್ತವೆ.

ಷರತ್ತು ಅಪಾಯಕ್ಕೆ ತಕ್ಕಷ್ಟೇ ಇರಬೇಕು, ಹೆಚ್ಚಿರಬಾರದು ಎಂಬುದಕ್ಕೆ ಬಣ್ಣಗುರುಡಿನ ನಿಯಮ ಒಳ್ಳೆಯ ಸಾಕ್ಷಿ. ಬಣ್ಣ ಗುರುತಿಸುವಲ್ಲಿ ಸ್ವಲ್ಪ ತೊಡಕಿದ್ದವರೂ ಬಹುಕಾಲ ಡಿಎಲ್‌ನಿಂದ ಹೊರಗುಳಿದಿದ್ದರು. 2020ರ ಜೂನ್‌ನಲ್ಲಿ ಕೇಂದ್ರ ನಿಯಮಗಳನ್ನು ತಿದ್ದಿ ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡಿನವರಿಗೆ ಅವಕಾಶ ಕೊಡಲಾಯಿತು. ತೀವ್ರ ಸ್ವರೂಪದ್ದಕ್ಕೆ ಮಾತ್ರ ನಿರ್ಬಂಧ ಉಳಿಯಿತು. ಸಿಗ್ನಲ್‌ನಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ. ಬಣ್ಣ ಕಾಣದಿದ್ದರೂ ಜಾಗ ಕಾಣುತ್ತದೆ. ಬರೀ ಸವಲತ್ತಾಗಿದ್ದರೆ ಇಂಥ ತಿದ್ದುಪಡಿಯನ್ನು ಕೇಳಲು ಯಾರಿಗೂ ನೆಲೆಯೇ ಇರುತ್ತಿರಲಿಲ್ಲ.

ಅರ್ಧ ವಾಕ್ಯದ ಹಕ್ಕು

ಅಮೆರಿಕದಲ್ಲಿ ಇದೇ ಪ್ರಶ್ನೆಗೆ ಒಂದು ವಿಚಿತ್ರ ಪಂಥವೇ ಹುಟ್ಟಿಕೊಂಡಿದೆ. ‘ಸಾವರಿನ್ ಸಿಟಿಜನ್’ ಎಂದು ಗುರುತಾಗುವ ಇವರು ಪೊಲೀಸರು ಗಾಡಿ ನಿಲ್ಲಿಸಿದರೆ, ನಾನು ಡ್ರೈವ್ ಮಾಡುತ್ತಿಲ್ಲ, ಪ್ರಯಾಣ ಮಾಡುತ್ತಿದ್ದೇನೆ, ಪ್ರಯಾಣಕ್ಕೆ ಲೈಸೆನ್ಸ್ ಬೇಡ ಎಂದು ವಾದಿಸುತ್ತಾರೆ. ವರ್ಜೀನಿಯಾದ ಉನ್ನತ ನ್ಯಾಯಾಲಯ 1930ರಲ್ಲಿ ಕೊಟ್ಟ ಥಾಂಪ್ಸನ್ ವಿರುದ್ಧ ಸ್ಮಿತ್ ತೀರ್ಪು ಇವರ ಅಚ್ಚುಮೆಚ್ಚಿನದು. ಹೆದ್ದಾರಿಯಲ್ಲಿ ಸಂಚರಿಸುವುದು ನಾಗರಿಕನ ಹಕ್ಕು, ಬರೀ ಸವಲತ್ತಲ್ಲ ಎಂಬ ಮಾತು ಅದರಲ್ಲಿ ಇದೆ ನಿಜ. ಆದರೆ ಸಾರ್ವಜನಿಕ ಸುರಕ್ಷತೆಗಾಗಿ ಲೈಸೆನ್ಸ್ ಬೇಕೆನ್ನುವ ಅಧಿಕಾರ ಸರ್ಕಾರಕ್ಕಿದೆ ಎಂದೂ ಅದೇ ತೀರ್ಪು ಹೇಳಿದೆ. ಕೋರ್ಟ್ ಹೊಡೆದುಹಾಕಿದ್ದು ಲೈಸೆನ್ಸನ್ನಲ್ಲ, ಪೊಲೀಸ್ ಮುಖ್ಯಸ್ಥ ತನಗೆ ತೋಚಿದಂತೆ ಅದನ್ನು ರದ್ದು ಮಾಡಬಹುದೆಂಬ ಅಳತೆಯಿಲ್ಲದ ಅಧಿಕಾರವನ್ನು. ಪಂಥದವರು ಮುಂದಿಡುವುದು ಅರ್ಧ ಮಾತು. ಉಳಿದರ್ಧ ಓದಿದರೆ ಅವರ ಕೇಸು ಬಿದ್ದುಹೋಗುತ್ತದೆ.

ಇದಕ್ಕಿಂತ ನಮಗೆ ಉಪಯೋಗಕ್ಕೆ ಬರುವುದು 1971ರ ಬೆಲ್ ವಿರುದ್ಧ ಬರ್ಸನ್ ತೀರ್ಪು, ಅಮೆರಿಕದ ಸುಪ್ರೀಂ ಕೋರ್ಟಿನದು. ಜಾರ್ಜಿಯಾ ರಾಜ್ಯದ ಪಾದ್ರಿಯೊಬ್ಬರು ಮೂರು ಹಳ್ಳಿಗಳ ಸಮುದಾಯಗಳಿಗೆ ಕಾರಿನಲ್ಲೇ ಓಡಾಡಿ ಸೇವೆ ಮಾಡುತ್ತಿದ್ದರು. ಐದು ವರ್ಷದ ಹುಡುಗಿಯೊಬ್ಬಳ ಸೈಕಲ್ ಬಂದು ಅವರ ಕಾರಿನ ಪಕ್ಕಕ್ಕೆ ಬಡಿಯಿತು. ಅವರಿಗೆ ವಿಮೆ ಇರಲಿಲ್ಲ. ವಿಮೆಯಿಲ್ಲದವನು ಅಪಘಾತಕ್ಕೆ ಸಿಕ್ಕರೆ, ತಪ್ಪು ಯಾರದೇ ಇರಲಿ, ಭದ್ರತಾ ಠೇವಣಿ ಇಡದಿದ್ದರೆ ಲೈಸೆನ್ಸ್ ಅಮಾನತು ಎಂಬುದು ರಾಜ್ಯದ ಕಾನೂನು. ತಪ್ಪು ನನ್ನದಲ್ಲ ಎಂದು ಹೇಳಲು ಅವರಿಗೆ ವಿಚಾರಣೆಯಲ್ಲಿ ಜಾಗವೇ ಇರಲಿಲ್ಲ. ಲೈಸೆನ್ಸ್ ಒಮ್ಮೆ ಕೊಟ್ಟ ಮೇಲೆ ಅದು ಜೀವನೋಪಾಯಕ್ಕೆ ಅಗತ್ಯವಾಗಿಬಿಡಬಹುದು. ಅದನ್ನು ಹಕ್ಕು ಅನ್ನಿ, ಸವಲತ್ತು ಅನ್ನಿ, ವಿಚಾರಣೆಯಿಲ್ಲದೆ ಕಿತ್ತುಕೊಳ್ಳುವಂತಿಲ್ಲ ಎಂದಿತು ಕೋರ್ಟ್. ಹಕ್ಕು–ಸವಲತ್ತಿನ ಜಗಳವನ್ನೇ ಬದಿಗಿಟ್ಟ ಈ ನಿಲುವು ಸರಿಯಾದದ್ದು. ಮುಂದೆ 1977 ಮತ್ತು 1979ರ ತೀರ್ಪುಗಳಲ್ಲಿ ಅದೇ ಕೋರ್ಟ್ ಸ್ವಲ್ಪ ಹಿಂದೆ ಸರಿದು, ಪದೇ ಪದೇ ತಪ್ಪು ಮಾಡಿದವರ, ಉಸಿರು ಪರೀಕ್ಷೆಗೆ ಒಪ್ಪದವರ ಲೈಸೆನ್ಸನ್ನು ಮೊದಲು ಅಮಾನತು ಮಾಡಿ ಆಮೇಲೆ ಬೇಗ ವಿಚಾರಣೆ ನಡೆಸಬಹುದು ಎಂದಿತು. ಆ ‘ಬೇಗ’ ಎಂಬ ಪದವನ್ನು ನೆನಪಿನಲ್ಲಿಟ್ಟುಕೊಳ್ಳಿ.

ಕಿತ್ತುಕೊಳ್ಳುವ ಬಾಗಿಲುಗಳು

ನಮ್ಮಲ್ಲಿ ಡಿಎಲ್ ಕೈತಪ್ಪಲು ಮುಖ್ಯವಾಗಿ ಮೂರು ದಾರಿ. 19ನೇ ಕಲಂನಡಿ ಲೈಸೆನ್ಸಿಂಗ್ ಪ್ರಾಧಿಕಾರ, ಅಂದರೆ ಆರ್‌ಟಿಒ, ಅನರ್ಹಗೊಳಿಸಬಹುದು ಅಥವಾ ರದ್ದು ಮಾಡಬಹುದು. ಚಾಲಕನ ಮಾತು ಕೇಳಬೇಕು, ಕಾರಣ ಬರೆಯಬೇಕು, ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ. 20ನೇ ಕಲಂನಡಿ ಶಿಕ್ಷೆ ವಿಧಿಸುವ ನ್ಯಾಯಾಲಯ ಅನರ್ಹಗೊಳಿಸಬಹುದು. ಮೂರನೆಯದು 21ನೇ ಕಲಂ: ಅಪಾಯಕಾರಿ ಚಾಲನೆಗೆ ಹಿಂದೊಮ್ಮೆ ಶಿಕ್ಷೆಯಾದವನ ಮೇಲೆ ಮತ್ತೆ ಅಂಥದೇ ಚಾಲನೆಯಿಂದ ಸಾವು ಅಥವಾ ತೀವ್ರ ಗಾಯವಾದ ಪ್ರಕರಣ ದಾಖಲಾದರೆ, ಯಾರ ಆದೇಶವೂ ಇಲ್ಲದೆ ಡಿಎಲ್ ತಾನೇ ತಾನಾಗಿ ಆರು ತಿಂಗಳು ಅಮಾನತಾಗುತ್ತದೆ. ಇದು ಕಟುವಾಗಿ ಕಂಡರೂ ಹಳೆಯ ಶಿಕ್ಷೆಯೊಂದು ಇರಲೇಬೇಕೆಂಬ ಷರತ್ತಿನಿಂದ ನಿಲ್ಲುತ್ತದೆ.

ಈ ಪಟ್ಟಿಯಲ್ಲಿ ಪೊಲೀಸರ ಹೆಸರಿಲ್ಲ. ಅವರು ಡಿಎಲ್ ವಶಪಡಿಸಿ ಆರ್‌ಟಿಒಗೆ ಕಳಿಸಬಹುದು. ಅಮಾನತು ಮಾಡುವವರು ಅವರಲ್ಲ. ‘ಲೈಸೆನ್ಸ್ ಕ್ಯಾನ್ಸಲ್ ಮಾಡಿಸ್ತೀನಿ’ ಎಂದರೆ ಅದಕ್ಕೆ ಕಾಯ್ದೆಯಲ್ಲಿ ಜಾಗವಿದೆ, ‘ಮಾಡ್ತೀನಿ’ ಎಂದರೆ ಇಲ್ಲ.

ಈಗ ಆರಂಭದ ಆ ಎರಡನೇ ಚೀಟಿಗೆ ಬರೋಣ. 2019ರ ತಿದ್ದುಪಡಿ ಸೇರಿಸಿದ 206(4)ರಲ್ಲಿ ಹೆಸರಿಸಿದ ಕಲಂಗಳು ಎಂಟು. 183 ಅತಿವೇಗ. 184 ಅಪಾಯಕಾರಿ ಚಾಲನೆ. ಸಿಗ್ನಲ್ ಜಂಪ್, ಮೊಬೈಲ್ ಹಿಡಿದು ಓಡಿಸುವುದು, ಎದುರು ದಿಕ್ಕಿನಲ್ಲಿ ಬರುವುದು ಈಗ ಇದರೊಳಗಿವೆ. 185 ಕುಡಿತ, ಅಂದರೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್. 189 ರೇಸಿಂಗ್, 190 ಅಸುರಕ್ಷಿತ ವಾಹನ. 194ಸಿ ಬೈಕಿನಲ್ಲಿ ಮೂವರು, 194ಡಿ ಹೆಲ್ಮೆಟ್ ಇಲ್ಲದ್ದು, 194ಇ ಆಂಬುಲೆನ್ಸ್‌ಗೆ ದಾರಿ ಬಿಡದ್ದು. ಈ ಅಪರಾಧ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಡಿಎಲ್ ವಶಪಡಿಸಿ ಆರ್‌ಟಿಒಗೆ ಕಳಿಸತಕ್ಕದ್ದು. 19(1ಎ) ಪ್ರಕಾರ ಆರ್‌ಟಿಒ ಚಾಲಕನ ಮಾತು ಕೇಳಿ ಒಂದೋ ಬಿಟ್ಟುಬಿಡಬೇಕು, ಇಲ್ಲವೇ ವಿವರವಾದ ಕಾರಣ ಬರೆದು ಮೊದಲ ತಪ್ಪಿಗೆ ಮೂರು ತಿಂಗಳು ಅನರ್ಹಗೊಳಿಸಬೇಕು. ಎರಡನೇ ತಪ್ಪಾದರೆ ಡಿಎಲ್ ರದ್ದು, ರದ್ದಾದವರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಲೂಬಹುದು.

ಕುಡಿದು ಓಡಿಸಿದವನನ್ನು ಅಲ್ಲೇ ಇಳಿಸುವುದು ಸರಿ, ಅವನ ಹಕ್ಕು ಇನ್ನೊಬ್ಬರ ಎಲುಬಿನವರೆಗೆ ಮಾತ್ರ. ತಕರಾರು ಇರುವುದು ಎರಡು ಕಡೆ. ಒಂದು, ರೇಸಿಂಗ್ ಮತ್ತು ಹೆಲ್ಮೆಟ್ ಒಂದೇ ತಕ್ಕಡಿಯಲ್ಲಿ ಕೂತಿವೆ. ಎರಡನೇ ಸಲ ಹೆಲ್ಮೆಟ್ ಇಲ್ಲದೆ ಸಿಕ್ಕವನಿಗೂ ಕಾಗದದ ಮೇಲೆ ಕಾದಿರುವುದು ಡಿಎಲ್ ರದ್ದೇ. ಇನ್ನೊಂದು, ಇಷ್ಟು ದಿನದೊಳಗೆ ವಿಚಾರಣೆ ಮುಗಿಸಬೇಕು ಎಂಬ ಮಾತು ಈ ಉಪಕಲಂಗಳಲ್ಲಿ ಇಲ್ಲ. ಡೆಲಿವರಿ ಕೆಲಸದ ಹುಡುಗನ ಡಿಎಲ್ ಹೋಗಿ ಆರು ವಾರದ ಮೇಲೆ ಕರೆ ಬಂತು ಎಂದುಕೊಳ್ಳಿ. ಆರೋಪ ಸುಳ್ಳೆಂದು ಬಿಟ್ಟರೂ ಆ ಆರು ವಾರದ ದುಡಿಮೆ ಹೋಯಿತು. ನಿಜವೆಂದಾದರೆ ಮೂರು ತಿಂಗಳು ಅಲ್ಲಿಂದ ಶುರುವೋ, ಕಳೆದ ಆರು ವಾರ ಅದರಲ್ಲಿ ಕಳೆಯುತ್ತದೋ ಎಂಬುದನ್ನೂ 19(1ಎ) ಹೇಳುವುದಿಲ್ಲ. ಅಮೆರಿಕದ ಕೋರ್ಟ್ ‘ಮೊದಲು ಅಮಾನತು, ಆಮೇಲೆ ಬೇಗ ವಿಚಾರಣೆ’ ಎಂದದ್ದರಲ್ಲಿ ನಾವು ಮೊದಲರ್ಧವನ್ನು ಮಾತ್ರ ತಂದುಕೊಂಡಿದ್ದೇವೆ.

ಮಾಲೀಕನ ಪಾಲು

ಚಾಲಕನ ಹಕ್ಕಿನ ಚರ್ಚೆಯಲ್ಲಿ ಮರೆತುಹೋಗುವುದು ಗಾಡಿಯ ಯಜಮಾನ. ಡಿಎಲ್ ಇಲ್ಲದವನಿಗೆ ಕೀ ಕೊಟ್ಟರೆ 180ನೇ ಕಲಂನಡಿ ಅವನೂ ಅಪರಾಧಿ. ದಂಡ 5 ಸಾವಿರ ರೂಪಾಯಿ, ಅದು ದೊಡ್ಡದಲ್ಲ. ದೊಡ್ಡದು ವಿಮೆಯದು. ಚಾಲ್ತಿ ಡಿಎಲ್ ಇಲ್ಲದವನು ಅಪಘಾತ ಮಾಡಿದರೆ ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು ಆಮೇಲೆ ಆ ಮೊತ್ತವನ್ನು ಮಾಲೀಕನಿಂದ ವಸೂಲಿ ಮಾಡಲು ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ತೀರ್ಪಿನಲ್ಲಿ ದಾರಿಯಿದೆ. ಪರಿಹಾರ ಲಕ್ಷಗಳಲ್ಲಿ ಇರುತ್ತದೆ. ಚಾಲಕನನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಡಿಎಲ್‌ನ ಜೆರಾಕ್ಸ್ ಇಟ್ಟುಕೊಂಡರೆ ಸಾಲದು. ಲೈಸೆನ್ಸ್ ದಾಖಲೆಗಳ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಅದರ ಸ್ಥಿತಿ ಮತ್ತು ವಾಹನದ ವರ್ಗ ನೋಡಬೇಕು. ಸಾರಿಗೆ ವಾಹನದ ಡಿಎಲ್ ಐದು ವರ್ಷಕ್ಕೆ ಮುಗಿಯುತ್ತದೆ. ಮುಗಿದ ಮೇಲೆ ಮೊದಲು ಸಿಗುತ್ತಿದ್ದ 30 ದಿನದ ರಿಯಾಯಿತಿ 2019ರ ತಿದ್ದುಪಡಿಯಲ್ಲಿ ಹೋಯಿತು, ಒಂದು ವರ್ಷ ಮೀರಿದರೆ ಮತ್ತೆ ಟೆಸ್ಟ್. ವರ್ಗದ ಗೊಂದಲ ಸ್ವಲ್ಪ ತಿಳಿಯಾದದ್ದು 2024ರ ನವೆಂಬರ್ 6ರಂದು: ಲಘು ಮೋಟಾರು ವಾಹನದ ಡಿಎಲ್ ಇರುವವರು ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು, ಪ್ರತ್ಯೇಕ ನಮೂದು ಬೇಡ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಸಣ್ಣ ಸರಕು ಗಾಡಿ, ಟ್ಯಾಕ್ಸಿ ಓಡಿಸುವ ಲಕ್ಷಾಂತರ ಮಂದಿಯ ವಿಮಾ ತಕರಾರು ಇದರಲ್ಲೇ ಸಿಕ್ಕಿಕೊಂಡಿತ್ತು.

ಚೀಟಿ ಕೈಗೆ ಬಂದಾಗ

ಮೊದಲು ಚೀಟಿಯಲ್ಲಿ ಬರೆದ ಕಲಂ ಓದಿ. ಮೇಲಿನ ಎಂಟರಲ್ಲಿ ಒಂದಾಗಿದ್ದರೆ ಅದು ಓಡಿಸುವ ಚೀಟಿ ಅಲ್ಲ. ಡಿಎಲ್ ಇರುವ ಬೇರೆಯವರನ್ನು ಕರೆಸಿ ಗಾಡಿ ಮನೆಗೆ ಕಳಿಸಿ. ಕಲಂ, ಸ್ಥಳ, ಸಮಯ ಬರೆಯದಿದ್ದರೆ ಬರೆಸಿಕೊಳ್ಳಿ, ಮುಂದೆ ವಿಚಾರಣೆಯಲ್ಲಿ ಹೆಚ್ಚಿನ ವಾದ ನಿಲ್ಲುವುದು ಇವುಗಳ ಮೇಲೆಯೇ.

ಡಿಜಿಲಾಕರ್‌ನಲ್ಲಿ ತೋರಿಸಿದವರು ‘ನನ್ನ ಕಾರ್ಡು ನನ್ನ ಹತ್ತಿರವೇ ಇದೆಯಲ್ಲ’ ಎಂದು ನಿಶ್ಚಿಂತೆಯಿಂದ ಇರುವುದು ಹೊಸ ಕಾಲದ ತಪ್ಪು. 2020ರ ಅಕ್ಟೋಬರ್‌ನಿಂದ ಜಾರಿಯಾದ ನಿಯಮದ ಪ್ರಕಾರ, ವಿವರ ಎಲೆಕ್ಟ್ರಾನಿಕ್ ರೂಪದಲ್ಲಿ ಖಾತರಿಯಾದರೆ ವಶಪಡಿಸಿಕೊಳ್ಳಬೇಕಾದ ಸಂದರ್ಭದಲ್ಲೂ ಕಾರ್ಡು ಕೇಳುವಂತಿಲ್ಲ. ಅನರ್ಹತೆ, ರದ್ದತಿ ಪೋರ್ಟಲ್‌ನಲ್ಲಿ ದಾಖಲಾಗುತ್ತವೆ. ಪ್ಲಾಸ್ಟಿಕ್ ಕಾರ್ಡು ಪರ್ಸಿನಲ್ಲೇ ಇರುತ್ತದೆ, ಅದಕ್ಕೆ ಜೀವ ಮಾತ್ರ ಇರುವುದಿಲ್ಲ.

ಆರ್‌ಟಿಒ ನೋಟಿಸ್ ಬಂದರೆ ಉತ್ತರವನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆರೋಪಕ್ಕೆ ಆಧಾರವಾದ ಫೋಟೊ, ವೇಗದ ದಾಖಲೆ ಅಥವಾ ಬ್ರೆತ್ ಅನಲೈಸರ್ ಮುದ್ರಿತ ಪ್ರತಿ ಕೇಳಿ. ಗಾಡಿ ನಿಮ್ಮದು, ಓಡಿಸಿದವರು ಬೇರೆ ಎಂದಾದರೆ ಅದನ್ನು ಹೇಳುವ ಹೊತ್ತು ಇದೇ. ನೋಟಿಸ್‌ಗೆ ಸುಮ್ಮನಿದ್ದವರ ವಿಷಯದಲ್ಲಿ ಆದೇಶ ಆರೋಪದಂತೆಯೇ ಬರುತ್ತದೆ. ಬಂದ ಆದೇಶದಲ್ಲಿ ಕಾರಣ ಇದೆಯೇ, ಅಥವಾ ಖಾಲಿ ಜಾಗಕ್ಕೆ ಹೆಸರು ತುಂಬಿದ ಅಚ್ಚಿನ ನಮೂನೆಯೇ ನೋಡಿ. ‘ವಿವರವಾದ ಕಾರಣ’ ಎಂಬ ಪದ ಕಾಯ್ದೆಯಲ್ಲೇ ಇರುವುದರಿಂದ ಮೇಲ್ಮನವಿಯಲ್ಲಿ ಮೊದಲು ಎತ್ತಬೇಕಾದ ಅಂಶ ಅದು. 30 ದಿನದ ಗಡುವು ಆದೇಶ ಕೈಸೇರಿದ ದಿನದಿಂದ, ಹಾಗಾಗಿ ಲಕೋಟೆಯನ್ನು ಎಸೆಯಬೇಡಿ.

ಅನರ್ಹತೆಯ ಅವಧಿಯಲ್ಲಿ ಓಡಿಸಿ ಸಿಕ್ಕರೆ ಅದು ಡಿಎಲ್ ಮರೆತು ಬಂದ ತಪ್ಪಲ್ಲ. 182ನೇ ಕಲಂನಡಿ ಮೂರು ತಿಂಗಳವರೆಗೆ ಜೈಲು ಅಥವಾ 10 ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿರುವುದಿಲ್ಲ: ಮೂರು ತಿಂಗಳು ಮುಗಿದ ಮಾತ್ರಕ್ಕೆ ಡಿಎಲ್ ತಾನಾಗಿ ಮರಳುವುದಿಲ್ಲ. 2019ರ ತಿದ್ದುಪಡಿಯಂತೆ ಮಾನ್ಯತೆಯಿರುವ ಶಾಲೆಯಲ್ಲಿ ರಿಫ್ರೆಶರ್ ತರಬೇತಿ ಮುಗಿಸಿದ ಮೇಲೆಯೇ ಅದನ್ನು ವಾಪಸ್ ಕೊಡಬೇಕು. ತರಬೇತಿ ಪ್ರಮಾಣಪತ್ರ ಕೊಟ್ಟು ಬಂದ ಮೇಲೂ ಸಾರಥಿಯಲ್ಲಿ ‘ಅಮಾನತು’ ಎಂಬ ನಮೂದು ತೆಗೆದಿದ್ದಾರೆಯೇ ಎಂದು ನೋಡಿ, ತೆಗೆದ ಪುಟದ ಒಂದು ಚಿತ್ರ ಫೋನಿನಲ್ಲಿ ಇಟ್ಟುಕೊಂಡು, ಆಮೇಲೆ ಕೀ ತಿರುಗಿಸಿ.